ಸೂಜಿ ನಿಂತ ಜಾಗ

ಟಾಕೀಸು ಮುಚ್ಚಿದ ವಾರ ಸಂಬಳದ ಬಾಕಿಗೆ
ಯಂತ್ರದ ಹೊಟ್ಟೆಯ ಕನ್ನಡಿ ಬಿಚ್ಚಿಕೊಂಡು ಬಂದ ಕೊಟ್ರೇಶಿ.
ಊಟದ ತಟ್ಟೆಯಗಲ, ನಡುವೆ ತಗ್ಗು,
ಕಾರ್ಬನ್ ಕಡ್ಡಿಯ ಬೆಂಕಿಗೆ ಇಪ್ಪತ್ತು ವರ್ಷ
ಮುಖ ಕೊಟ್ಟು ಕೂತದ್ದು; ಅಂಚಿಗೆ ಸುಟ್ಟ ಚುಕ್ಕಿ.
ಮಂಡಿಪೇಟೆಯ ಚಮನ್ ಸಾಬರ ಚಷ್ಮಾ ಅಂಗಡಿಯಲ್ಲಿ
ಕಲ್ಲಿಗೆ ಗಾಜು ಹಿಡಿದು ಅಂಚು ತಿಕ್ಕುವವಳು ನಾನು.
ನನ್ನ ಮೇಜಿನ ಮೇಲಿಟ್ಟು ಅಂದ:
"ಪರದೆ ಬ್ಯಾಡಕ್ಕಾ, ಗೋಡೆ ಬ್ಯಾಡ.
ಗಾಳಿಯೊಳಗ ನಿಂದರಬೇಕು ಚಿತ್ರ,
ಉಬ್ಬು ತಗ್ಗು ಸಮೇತ."

ಶಟರು ಅರ್ಧ ಎಳೆದ ಮೇಲೆ ನಮ್ಮ ಕೆಲಸ.
ಮೊದಲು ಮಸೂರ. ಪ್ಲಸ್ ಎರಡು, ಪ್ಲಸ್ ನಾಲ್ಕು,
ಅಳತೆ ಕೊಟ್ಟು ತಿರುಗಿ ಬಾರದವರ ಗಾಜುಗಳು.
ಟಾರ್ಚು ಬಿಟ್ಟರೆ ಬಿದ್ದದ್ದೆಲ್ಲ ಚಪ್ಪಟೆ,
ರೊಟ್ಟಿ ತಟ್ಟಿದ ಹಾಗೆ ಗೋಡೆಗೆ.
ಲೋಬಾನದ ಹೊಗೆ ಹಾಕಿ ಹೊಗೆಯ ಮೇಲೆ ಬಿಟ್ಟೆವು:
ಸಾಬರು ಕೆಮ್ಮಿದರು,
ಚಿತ್ರವೂ ಕೆಮ್ಮಿತು,
ಪಕ್ಕದ ಬಟ್ಟೆಯಂಗಡಿಯವ ಬೆಂಕಿ ಬಿತ್ತೆಂದು
ಕೊಡ ಹಿಡಿದು ಓಡಿ ಬಂದ.

ಹನ್ನೊಂದನೇ ರಾತ್ರಿ ಕನ್ನಡಿಯ ಸರದಿ.
ಬಿಸ್ಕತ್ತಿನ ರಟ್ಟಿಗೆ ಒಳಗೆಲ್ಲ ದೀಪದ ಮಸಿ ಬಳಿದು,
ಒಳಗೊಂದು ಬಲ್ಬು,
ಬಲ್ಬಿನ ಬೆಳಕಿಗೆ ದಾರ ಕಟ್ಟಿ ತೂಗುಬಿಟ್ಟ ಮಿರ್ಚಿ,
ಎದುರು ಗಾಡಿಯದ್ದು, ತೊಟ್ಟು ಕೆಳಗಾಗಿ.
ಕನ್ನಡಿಯನ್ನು ಎರಡು ಮೊಳ ಹಿಂದೆ, ಮತ್ತೆ ನಾಲ್ಕು ಬೆರಳು ಮುಂದೆ.
ದೀಪ ಆರಿಸಿದೆವು.

ರಟ್ಟಿನ ಮೇಲೆ, ಏನೂ ಇಲ್ಲದ ಕಡೆ,
ತೊಟ್ಟು ಮೇಲೆ ಮಾಡಿ ನಿಂತಿತ್ತು ಮಿರ್ಚಿ.
ಹಿಟ್ಟಿನ ಗುಳ್ಳೆ, ಎಣ್ಣೆಯ ಹೊಳಪು,
ಬದಿಯ ನೆರಳು ಕೂಡ.
ಸಾಬರ ಮೊಮ್ಮಗಳು ಜಬೀನಾ ಕೈ ಹಾಕಿದಳು.
ಬೆರಳು ದಾಟಿ ಹೋಯಿತು.
ಕಣ್ಣಿಗೆ ಬಂದ ತುತ್ತು ಕೈಗೆ ಬರಲಿಲ್ಲ.

"ಕನ್ನಡಿಗೇ ಅಂಟಿಕೊಂಡೈತಿ," ಅಂದ ಕೊಟ್ರೇಶಿ.
"ಅದರ ಹಿಂದಿದೆ," ಅಂದರು ಸಾಬರು.
ನಾಲ್ಕು ಕಣ್ಣುಗಳ ನಡುವೆ ಜಗಳ.
ಎಡಗಣ್ಣು ನನಗಿಲ್ಲ.
ಆರು ವರ್ಷದವಳಿದ್ದಾಗ
ಮಂಡಕ್ಕಿ ಭಟ್ಟಿಯ ಹೊಟ್ಟಿನ ಕಿಡಿ ತಗೊಂಡು ಹೋಯಿತು.
ಅವತ್ತಿನಿಂದ ಚಹಾದ ಲೋಟ ಎತ್ತುವುದಕ್ಕೂ
ಮೆಟ್ಟಿಲು ಇಳಿಯುವುದಕ್ಕೂ
ತಲೆ ಒಂಚೂರು ಆಚೆ, ಒಂಚೂರು ಈಚೆ ಮಾಡಿ
ಯಾವುದು ಹತ್ತಿರ, ಯಾವುದು ದೂರ ಅಂತ ಕೇಳಿಕೊಂಡವಳು.
ಹತ್ತಿರದ್ದು ನನಗೆ ಎದುರಾಗಿ ಸರಿಯುತ್ತದೆ,
ದೂರದ್ದು ಜೊತೆಗೆ ಬರುತ್ತದೆ.
ಒಂಟಿ ಕಣ್ಣಿಗೆ ಕತ್ತೇ ಜೋಡಿ.

ಸೋಪಿನ ತುಂಡಿಗೆ ಸೂಜಿ ಚುಚ್ಚಿ ಇಟ್ಟೆ.
ತಲೆ ಅಲ್ಲಾಡಿಸಿದೆ: ಸೂಜಿ ಒಂದು ಕಡೆ, ಮಿರ್ಚಿ ಒಂದು ಕಡೆ.
ಒಂದು ಗೋಧಿಕಾಳಿನಷ್ಟು ಹಿಂದೆ. ಇನ್ನೂ ಜಗಳ.
ಇನ್ನಷ್ಟು.
ಆಮೇಲೆ, ಎಡಕ್ಕೆ ಹೋದರೂ ಬಲಕ್ಕೆ ಹೋದರೂ
ಸೂಜಿ ಮಿರ್ಚಿ ಬಿಡಲಿಲ್ಲ, ಮಿರ್ಚಿ ಸೂಜಿ ಬಿಡಲಿಲ್ಲ.
"ಇಲ್ಲೈತಿ," ಅಂದೆ.
ಆಗ ಎರಡು ಕಣ್ಣಿನವರಿಗೂ ಕಂಡಿತು.

ಅಷ್ಟರಲ್ಲಿ ದಾರದಿಂದ ಒಂದು ಇರುವೆ
ಒಳಗಿನ ಮಿರ್ಚಿಯ ಮೇಲೆ ಕೆಳಗಿಳಿಯತೊಡಗಿತು.
ಹೊರಗೆ, ಗಾಳಿಯಲ್ಲಿ, ಅದೇ ಇರುವೆ
ತೊಟ್ಟಿನ ಕಡೆಗೆ ಏರುತ್ತಿತ್ತು,
ಕಾಲಿಡಲು ಏನೂ ಇಲ್ಲದ ಕಡೆ ಕಾಲೂರಿ,
ನಡುವೆ ನಿಂತು ಮೀಸೆ ತಿಕ್ಕಿಕೊಂಡು.
ಯಾರೂ ಮಾತಾಡಲಿಲ್ಲ.
ಜಬೀನಾ ಮಾತ್ರ, "ಅದಕ್ಕೆ ಗೊತ್ತಾ?"

ದೀಪ ಹಾಕಿ, ಇರುವೆ ಊದಿ,
ಆರಿದ ಮಿರ್ಚಿಯನ್ನು ಕೊಟ್ರೇಶಿಯೇ ತಿಂದ.

ಸೂಜಿ ಇದ್ದ ಕಡೆ ಮೇಜಿಗೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ.
ಗಿರಾಕಿಗಳು ಬಂದು ಹೆಲ್ಮೆಟ್ಟು ಇಡುತ್ತಾರೆ.
ಸ್ವಲ್ಪ ಈಚೆ ಇಡಿ, ಅನ್ನುತ್ತೇನೆ.
ಅಲ್ಲೇನೈತಿ?
ಏನಿಲ್ಲ, ಅನ್ನುತ್ತೇನೆ,
ತಲೆ ಒಂಚೂರು ಆಚೆ, ಒಂಚೂರು ಈಚೆ.